ಉಪ್ಪಾದ ಬಾವಿಯಿಂದ ಹಸಿರು ಪೀಠದವರೆಗೆ

ಉಡುಪಿ ಬಳಿಯ ಪರ್ಕಳವನ್ನು ನಡುವಿಗಿಟ್ಟುಕೊಂಡು ಸುತ್ತ ಮೂವತ್ತೈದು ಕಿಲೋಮೀಟರ್‌ಗೆ ಕಣ್ಣು ಹಾಯಿಸಿದರೆ ಸಿಗುವ ಪಟ್ಟಿ ವಿಚಿತ್ರವಾದುದು. ಪಶ್ಚಿಮದ ಗುಡ್ಡದ ಮೇಲೆ ಮಣಿಪಾಲದ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು. ಗುಡ್ಡ ಇಳಿದರೆ ಉಡುಪಿಯ ಕಾನೂನು ಕಾಲೇಜು, ಅದರಾಚೆ ಮಲ್ಪೆ ಬಂದರು. ದಕ್ಷಿಣದ ಕಾಪು ತಾಲ್ಲೂಕಿನಲ್ಲಿ 1,200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಗಾಳಿಯಂತ್ರದ ರೆಕ್ಕೆ ತಯಾರಿಸಲೆಂದು ಎದ್ದ ಕಾರ್ಖಾನೆ, ಬಂಡೆಯೊಳಗೆ ಕಚ್ಚಾತೈಲ ತುಂಬಿಸಿಟ್ಟಿರುವ ಪಾದೂರು, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮಟ್ಟುಗುಳ್ಳ, ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿಯ ಕಡಲತೀರ. ಆಗ್ನೇಯಕ್ಕೆ ಕಾರ್ಕಳ, ನಿಟ್ಟೆ. ಅವುಗಳ ಬೆನ್ನಿಗೆ ಕುದುರೆಮುಖದ ಸಾಲು.

ತಂತ್ರಜ್ಞಾನ, ಕಾನೂನು, ಸುಸ್ಥಿರತೆ ಮೂರನ್ನೂ ಒಟ್ಟಾಗಿ ಕಲಿಯಬೇಕು, ಕಲಿಸಬೇಕು ಎಂಬ ಮಾತು ಇತ್ತೀಚೆಗೆ ವಿಶ್ವವಿದ್ಯಾಲಯಗಳಲ್ಲೂ ಉದ್ದಿಮೆಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಆದರೆ ಈ ಸೀಮೆಯಲ್ಲಿ ಆ ಮೂರು ಪಠ್ಯಕ್ರಮಕ್ಕಿಂತ ಬಹಳ ಮೊದಲೇ ಒಂದನ್ನೊಂದು ಎದುರಾಗಿದ್ದವು. ಬಾವಿಯ ನೀರು ಉಪ್ಪಾದಾಗ, ಹೊಳೆಯ ಮರಳು ಬರಿದಾದಾಗ, ಬದನೆಯ ಬೀಜ ಪ್ರಯೋಗಾಲಯ ಸೇರಿದಾಗ. ಪ್ರತಿ ಸಲವೂ ಜಗಳ ಕೊನೆಗೆ ಬಂದು ನಿಂತದ್ದು ಒಂದೇ ಪ್ರಶ್ನೆಯ ಮುಂದೆ: ಹಾನಿಯನ್ನು ಅಳೆದವರು ಯಾರು, ಆ ಅಳತೆಯನ್ನು ಕಾನೂನು ಒಪ್ಪುತ್ತದೆಯೇ?

1957ರಿಂದಲೇ ಈ ಕತೆ ಶುರುಮಾಡಬಹುದು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದ ಬೆನ್ನಿಗೆ, 1957ರಲ್ಲಿ ಅಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಅದೇ ವರ್ಷ ಉಡುಪಿಯಲ್ಲಿ, ಇಂದು ವೈಕುಂಠ ಬಾಳಿಗಾ ಅವರ ಹೆಸರಿನಲ್ಲಿರುವ ಕಾನೂನು ಕಾಲೇಜೂ ಹುಟ್ಟಿತು. ಯಂತ್ರ ಕಲಿಸುವ ಮನೆ, ಕಾಯ್ದೆ ಕಲಿಸುವ ಮನೆ ಒಂದೇ ವರ್ಷ, ನಾಲ್ಕಾರು ಕಿಲೋಮೀಟರ್ ಅಂತರದಲ್ಲಿ ಬಾಗಿಲು ತೆರೆದವು. ಆದರೆ ಎರಡೂ ಮನೆಯವರು ಸೇರಿ ಓದಬೇಕಾದ ಪರಿಸರ ಕಾನೂನು ಎಂಬುದು ದೇಶದಲ್ಲಿ ಆಗ ಹುಟ್ಟಿರಲಿಲ್ಲ. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಭೋಪಾಲದ ಅನಿಲ ದುರಂತವಾಗಿ ಸಾವಿರಾರು ಜನ ಸತ್ತ ಮೇಲೆ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಜನರ ಬಾಯಲ್ಲಿ ಸಿಆರ್‌ಝಡ್ ಎಂದೇ ಹೆಸರಾದದ್ದು, 1991ರದು. ಯೋಜನೆಗೆ ಮೊದಲು ಪರಿಸರದ ಮೇಲಿನ ಪರಿಣಾಮ ಅಂದಾಜಿಸಬೇಕೆಂಬ ನಿಯಮ 1994ರಲ್ಲಿ ಬಂತು.

ಕಾನೂನಿಗಿಂತ ಮೊದಲು ಎಚ್ಚೆತ್ತದ್ದು ಕಡಲು. ಕರಾವಳಿಯ ಮೀನುಗಾರರು ತಲೆಮಾರುಗಳಿಂದ ರಂಪಣಿ ಬಲೆ ಎಳೆದವರು. ದಡಕ್ಕೆ ಬಂದ ಬಂಗುಡೆ, ಬೂತಾಯಿಯ ಹಿಂಡನ್ನು ಹತ್ತಾರು ಜನ ಒಟ್ಟಾಗಿ ಸುತ್ತುವರಿದು ಹಂಚಿಕೊಳ್ಳುವ ಪದ್ಧತಿ ಅದು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದವು. ಮೀನು ದಡಕ್ಕೆ ಬರುವವರೆಗೆ ಕಾಯುವ ಅಗತ್ಯವೇ ಇಲ್ಲ, ಆಳದಲ್ಲೇ ಹಿಂಡನ್ನು ಸುತ್ತಿ ಎತ್ತಬಹುದು. ರಂಪಣಿಯವರು ಬೀದಿಗಿಳಿದರು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎರಡೂ ಬಲೆಗಳ ಹಿಡುವಳಿಯನ್ನು ಲೆಕ್ಕ ಹಾಕತೊಡಗಿದರು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರಲ್ಲಿ ಬಂತು. ಇಂದಿಗೂ ಅದೇ ಕ್ರಮ ಮುಂದುವರಿದಿದೆ: ಹೊಸ ಯಂತ್ರ ಬರುತ್ತದೆ, ಜಗಳ ಏಳುತ್ತದೆ, ಎಣಿಕೆ ನಡೆಯುತ್ತದೆ, ಆಮೇಲೆ ನಿಯಮ. ಜನರೇಟರ್ ಹೊತ್ತು, ಕಣ್ಣು ಕೋರೈಸುವ ಎಲ್‌ಇಡಿ ದೀಪ ಇಳಿಬಿಟ್ಟು ಮೀನನ್ನು ಸೆಳೆಯುವ ಲೈಟ್ ಫಿಶಿಂಗ್, ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ನಾಡದೋಣಿಯವರದೇ ಕಡಲು. ನಿಷೇಧ ಕಾಗದದಲ್ಲಿ ಗಟ್ಟಿಯಾಗಿದೆ. ಆದರೆ ರಾತ್ರಿ ದೂರದಲ್ಲಿ ದೀಪ ಉರಿಸಿದವರು ಯಾರೆಂದು ತೋರಿಸುವ ಸಾಧನ ತೀರದ ಕಾವಲಿನವರ ಕೈಯಲ್ಲಿ ಇಲ್ಲದಿದ್ದರೆ ಅದರಿಂದ ನಾಡದೋಣಿಯವನ ಬಲೆ ತುಂಬುವುದಿಲ್ಲ.

ಈ ಸೀಮೆಯ ಅತಿ ದೀರ್ಘ ಹೋರಾಟ ನಡೆದದ್ದು ಮಾತ್ರ ದಡದಲ್ಲಿ, ಕಾಪು ತಾಲ್ಲೂಕಿನ ನಂದಿಕೂರು ಮತ್ತು ಎಲ್ಲೂರಿನಲ್ಲಿ.

ಆರ್ಥಿಕ ಉದಾರೀಕರಣದ ಮೊದಲ ವರ್ಷಗಳಲ್ಲಿ ಅಮೆರಿಕದ ಕಾಜೆಂಟ್ರಿಕ್ಸ್ ಕಂಪನಿ ನಂದಿಕೂರಿನಲ್ಲಿ 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಮುಂದಾಯಿತು. ಹಳ್ಳಿಗಳಲ್ಲಿ ಪ್ರತಿಭಟನೆ, ನ್ಯಾಯಾಲಯಗಳಲ್ಲಿ ವ್ಯಾಜ್ಯ, ದೆಹಲಿಯಲ್ಲಿ ವಿಳಂಬ. 1999ರ ಡಿಸೆಂಬರ್‌ನಲ್ಲಿ ಕಂಪನಿ ಹಿಂದೆ ಸರಿಯಿತು. ಅನೇಕರು ಅದನ್ನು ಗೆಲುವೆಂದು ಬಗೆದರು. ಆದರೆ ಅದೇ ಪ್ರದೇಶಕ್ಕೆ ನಾಗಾರ್ಜುನ ಕಂಪನಿಯ 1,015 ಮೆಗಾವಾಟ್ ಯೋಜನೆಗೆ 1997ರಲ್ಲೇ ಪರಿಸರ ಅನುಮತಿ ದೊರೆತಿತ್ತು. ಯೋಜನೆ ಕೈ ಬದಲಿಸಿತು, ಲ್ಯಾಂಕೊ ಬಂತು, ಸಾಮರ್ಥ್ಯ 1,200 ಮೆಗಾವಾಟ್‌ಗೆ ಏರಿತು. ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಚಾಲೂ ಆಯಿತು. 2015ರಲ್ಲಿ ಅದು ಅದಾನಿ ಸಮೂಹದ ಪಾಲಾಯಿತು. ಪೂರ್ತಿ ಆಮದು ಕಲ್ಲಿದ್ದಲಿನಿಂದಲೇ ನಡೆಯುವ, ಸಮುದ್ರದ ನೀರಿನಿಂದಲೇ ತಣಿಯುವ ಸ್ಥಾವರ ಇದು.

ತಣಿಸುವ ಗೋಪುರದ ಕೆಲಸ ತಿಳಿದರೆ ಮುಂದಿನ ಜಗಳ ಅರ್ಥವಾಗುತ್ತದೆ. ಟರ್ಬೈನಿನ ಉಗಿಯನ್ನು ಮತ್ತೆ ನೀರಾಗಿಸಲು ತಣ್ಣೀರು ಬೇಕು. ಆ ತಣ್ಣೀರು ಬಿಸಿಯಾಗಿ ಗೋಪುರಕ್ಕೆ ಹೋಗಿ ಗಾಳಿಗೆ ಮೈಯೊಡ್ಡುತ್ತದೆ. ಒಂದಿಷ್ಟು ಆವಿಯಾಗುತ್ತದೆ, ಒಂದಿಷ್ಟು ಸಣ್ಣ ಹನಿಯಾಗಿ ಗಾಳಿಯ ಜೊತೆ ಹೊರಗೆ ಹಾರುತ್ತದೆ. ಸಿಹಿನೀರಿನ ಗೋಪುರವಾದರೆ ಆ ಹನಿಯಿಂದ ದೊಡ್ಡ ತೊಂದರೆಯಿಲ್ಲ. ಸಮುದ್ರದ ನೀರಾದರೆ ಪ್ರತಿ ಹನಿಯಲ್ಲೂ ಉಪ್ಪು. ಸುತ್ತಲ ತೋಟದ ಎಲೆಯ ಮೇಲೆ, ಗದ್ದೆಯ ಮೇಲೆ, ಮಾಡಿನ ಮೇಲೆ ಅದು ಕೂರುತ್ತದೆ. ಬಾವಿಯ ನೀರು ಉಪ್ಪಾಗಿದೆ, ತೆಂಗು ಸೊರಗಿದೆ, ಮಲ್ಲಿಗೆಯ ಇಳುವರಿ ಕುಸಿದಿದೆ, ಹಾರುಬೂದಿ ಮನೆಯೊಳಗೆ ಬರುತ್ತಿದೆ ಎಂಬ ದೂರುಗಳು ಎಲ್ಲೂರಿನ ಸುತ್ತ ವರ್ಷಗಟ್ಟಲೆ ಕೇಳಿಬಂದವು. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿಯವರೂ ಹೋರಾಟಕ್ಕೆ ಬೆನ್ನು ಕೊಟ್ಟಿದ್ದರು. ಶಂಕರಪುರದ ಮಲ್ಲಿಗೆಯನ್ನು ಅಟ್ಟೆ ಕಟ್ಟಿ ಮಾರುವ ಸೀಮೆಯಲ್ಲಿ ಎಲೆಯ ಮೇಲಿನ ಉಪ್ಪು ಅಡುಗೆಮನೆಯ ಮಾತು, ಮಕ್ಕಳ ಶಾಲೆಯ ಫೀಸಿನ ಮಾತು.

ದೂರು ಹೇಳುವುದು ಬೇರೆ, ಅದನ್ನು ನ್ಯಾಯಾಲಯದಲ್ಲಿ ನಿಲ್ಲಿಸುವುದು ಬೇರೆ. ಬಾವಿಯ ಉಪ್ಪು ಕಡಲಿನಿಂದ ಸಹಜವಾಗಿ ಬಂದದ್ದೋ, ಬೂದಿಹೊಂಡದಿಂದ ಇಳಿದದ್ದೋ, ಗೋಪುರದಿಂದ ಬಿದ್ದದ್ದೋ ಎಂದು ಬಿಡಿಸಿ ತೋರಿಸಬೇಕು. ಅದಕ್ಕೆ ಸ್ಥಾವರ ಬರುವ ಮೊದಲಿನ ನೀರಿನ ಲೆಕ್ಕ ಬೇಕು, ಋತು ಋತುವಿನ ಲೆಕ್ಕ ಬೇಕು. ವಕೀಲನಿಗೆ ರಸಾಯನಶಾಸ್ತ್ರದ ಪರಿಚಯ, ವಿಜ್ಞಾನಿಗೆ ಸಾಕ್ಷ್ಯದ ಕಟ್ಟುಪಾಡಿನ ಪರಿಚಯ ಇರಬೇಕು.

ನಮ್ಮ ಸಾಮಾನ್ಯ ನ್ಯಾಯಾಲಯಗಳಿಗೆ ಈ ಭಾರ ಹೊರುವುದು ಕಷ್ಟವೆಂದು ಸುಪ್ರೀಂ ಕೋರ್ಟೇ ಹಿಂದೆ ಒಪ್ಪಿಕೊಂಡಿತ್ತು. 1999ರಲ್ಲಿ, ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನಾಯುಡು ನಡುವಿನ ಪ್ರಕರಣದಲ್ಲಿ, ಪರಿಸರದ ವ್ಯಾಜ್ಯಗಳನ್ನು ತೀರ್ಮಾನಿಸುವ ಪೀಠಗಳಲ್ಲಿ ನ್ಯಾಯಾಧೀಶರ ಜೊತೆ ವಿಜ್ಞಾನಿಗಳೂ ಇರಬೇಕೆಂದು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಬರೆದರು. 2003ರಲ್ಲಿ ಕಾನೂನು ಆಯೋಗ ತನ್ನ 186ನೇ ವರದಿಯಲ್ಲಿ ಅದನ್ನೇ ವಿಸ್ತರಿಸಿ ಪರಿಸರ ನ್ಯಾಯಾಲಯಗಳನ್ನು ಸ್ಥಾಪಿಸಲು ಹೇಳಿತು. 2010ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಜಾರಿಗೆ ಬಂತು. ಎಲ್ಲೂರಿನ ಮೊದಲ ಘಟಕ ಚಾಲೂ ಆದದ್ದೂ ಅದೇ ವರ್ಷ. ಮಂಡಳಿಯಲ್ಲಿ ನ್ಯಾಯಾಂಗ ಸದಸ್ಯರ ಪಕ್ಕದಲ್ಲಿ ತಜ್ಞ ಸದಸ್ಯರೂ ಕೂತು ತೀರ್ಪು ಕೊಡುತ್ತಾರೆ. ಸುಸ್ಥಿರ ಅಭಿವೃದ್ಧಿ, ಮುನ್ನೆಚ್ಚರಿಕೆ, ಕೆಡಿಸಿದವರೇ ತೆರಬೇಕೆಂಬ ತತ್ವ, ಈ ಮೂರನ್ನು ಅನ್ವಯಿಸಲೇಬೇಕೆಂದು ಕಾಯ್ದೆಯ 20ನೇ ಕಲಮು ಹೇಳುತ್ತದೆ. ತಂತ್ರಜ್ಞಾನ, ಕಾನೂನು, ಸುಸ್ಥಿರತೆ ಮೂರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದ ಭಾರತದ ಮೊದಲ ದೊಡ್ಡ ಸಂಸ್ಥೆ ಒಂದು ನ್ಯಾಯಪೀಠ ಎಂಬುದನ್ನು ಈ ವಿಷಯದ ಚರಿತ್ರೆ ಬರೆಯುವವರು ಮರೆಯಬಾರದು.

ನಂದಿಕೂರಿನ ಜನಜಾಗೃತಿ ಸಮಿತಿಯ ಹೋರಾಟ ಈ ಮಂಡಳಿಯ ಮುಂದೆ ಹೋಯಿತು. 2019ರ ಮಾರ್ಚ್‌ನಲ್ಲಿ ಮಂಡಳಿ ಕಂಪನಿಗೆ 5 ಕೋಟಿ ರೂಪಾಯಿಯನ್ನು ಮಧ್ಯಂತರ ಪರಿಹಾರವಾಗಿ ಠೇವಣಿ ಇಡಲು ಹೇಳಿ, ಹಾನಿಯ ಅಂದಾಜಿಗೆ ತಜ್ಞರ ಸಮಿತಿ ರಚಿಸಿತು. ಸಮಿತಿಯ ಕೆಲಸ ಮುಗಿದು, ವಾದ ಪ್ರತಿವಾದ ನಡೆದು, 2022ರ ಮೇ 31ರಂದು ಚೆನ್ನೈನ ದಕ್ಷಿಣ ಪೀಠ ಸುಮಾರು 52 ಕೋಟಿ ರೂಪಾಯಿಯ ಪರಿಸರ ಪರಿಹಾರ ವಿಧಿಸಿತು. 1997ರ ಅನುಮತಿಯಿಂದ ಲೆಕ್ಕ ಹಿಡಿದರೆ ಇಪ್ಪತ್ತೈದು ವರ್ಷ. ಒಂದು ತಲೆಮಾರು ತನ್ನ ದುಡಿಮೆಯ ಕಾಲವನ್ನು ಪೂರ್ತಿ ಇದಕ್ಕೇ ಕೊಟ್ಟಿದೆ. ಆ ಜನರ ಹಟವೇ ಇಲ್ಲದಿದ್ದರೆ ಸಮುದ್ರನೀರಿನ ಗೋಪುರ, ಹಾರುಬೂದಿ, ಅಂತರ್ಜಲ ಇವೆಲ್ಲ ಒಂದೇ ಕಡತದಲ್ಲಿ ಸೇರುತ್ತಲೇ ಇರಲಿಲ್ಲ.

ಕಾರ್ಕಳದ ಬೆನ್ನಿಗಿರುವ ಕುದುರೆಮುಖದಲ್ಲಿ ಅಳತೆ ಮತ್ತು ತೀರ್ಪಿನ ಕ್ರಮ ತಿರುವುಮುರುವಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಆರಂಭವಾಯಿತು. ಇರಾನಿಗೆ ಅದಿರು ಕೊಡುವ ಒಪ್ಪಂದವೇ ಅದರ ಬುನಾದಿ. 1979ರ ಕ್ರಾಂತಿಯಾದ ಮೇಲೆ ಇರಾನ್ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ತಲುಪಿಸುತ್ತಿದ್ದ ವ್ಯವಸ್ಥೆ ಎಂಜಿನಿಯರುಗಳ ಹೆಮ್ಮೆಯಾಗಿತ್ತು. ಅದೇ ಬೆಟ್ಟದಿಂದ ಮಳೆಗಾಲದಲ್ಲಿ ಕೆಂಪು ಹೂಳು ಭದ್ರೆಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು, ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ, 2005ರ ಕೊನೆಗೆ ಗಣಿ ನಿಲ್ಲಿಸಲು ಆದೇಶಿಸಿತು. ಜಗದೀಶ್ ಕೃಷ್ಣಸ್ವಾಮಿ, ಉಲ್ಲಾಸ್ ಕಾರಂತ ಮತ್ತು ಸಹೋದ್ಯೋಗಿಗಳು ಭದ್ರೆಯ ಹೂಳನ್ನು ಅಳೆದು ಬರೆದ ಪ್ರಬಂಧ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದದ್ದು 2006ರಲ್ಲಿ, ಗಣಿ ನಿಂತ ಮೇಲೆ. ಜಲಾನಯನದ ಬಹಳ ಸಣ್ಣ ಭಾಗವಾದ ಗಣಿಯಿಂದಲೇ ಹೂಳಿನ ದೊಡ್ಡ ಪಾಲು ಬರುತ್ತಿತ್ತೆಂದು ಅದು ತೋರಿಸಿತು. ಅಂಥ ಅಳತೆ 1980ರಲ್ಲೇ ನಡೆದಿದ್ದರೆ?

ಮಟ್ಟುಗುಳ್ಳದ ಪ್ರಕರಣದಲ್ಲಿ ತಂತ್ರಜ್ಞಾನ ಸೂಕ್ಷ್ಮದರ್ಶಕದ ಕೆಳಗಿತ್ತು. ಕಾಪು ತಾಲ್ಲೂಕಿನ ಮಟ್ಟು ಎಂಬ ಕಡಲಂಚಿನ ಊರಿನಲ್ಲಿ ಬೆಳೆಯುವ ಈ ಹಸಿರು, ಮುಳ್ಳುತೊಟ್ಟಿನ ದುಂಡು ಬದನೆಗೆ ಸೋದೆ ಮಠದ ವಾದಿರಾಜರ ಹೆಸರು ಅಂಟಿಕೊಂಡಿದೆ. ಬೀಜ ಕೊಟ್ಟವರು ಅವರೇ ಎಂಬುದು ಊರಿನ ನಂಬಿಕೆ. ಉಡುಪಿಯ ಪರ್ಯಾಯದ ಹೊರೆಕಾಣಿಕೆಯಲ್ಲಿ ಗುಳ್ಳ ಇಲ್ಲದಿದ್ದರೆ ಅಡುಗೆಯವರಿಗೆ ಕೈ ಕಟ್ಟಿದಂತೆ. 2005ರಲ್ಲಿ ಮಹಿಕೊ ಕಂಪನಿ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ನಡುವೆ ಒಪ್ಪಂದವಾಗಿ, ಕಾಂಡಕೊರಕ ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಕರ್ನಾಟಕದ ಆರು ಸ್ಥಳೀಯ ಬದನೆ ತಳಿಗಳಿಗೆ ಸೇರಿಸುವ ಕೆಲಸ ನಡೆಯಿತು. ಉಡುಪಿ ಗುಳ್ಳವೂ ಅವುಗಳಲ್ಲೊಂದು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ತಜ್ಞ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ದೇಶದ ಹಲವೆಡೆ ಸಾರ್ವಜನಿಕ ಸಭೆ ನಡೆಸಿ, ಬೆಂಗಳೂರಿನ ಸಭೆಯಾದ ಮೂರೇ ದಿನಕ್ಕೆ, 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎತ್ತಿದ ಪ್ರಶ್ನೆ ಬೇರೆಯದೇ ಆಗಿತ್ತು: ಈ ತಳಿಗಳನ್ನು ಬಳಸಿಕೊಳ್ಳಲು 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅನುಮತಿ ಪಡೆದಿದ್ದರೇ? ದೂರು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರಕ್ಕೆ ಹೋಯಿತು. 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ದಾಖಲಾಯಿತು. ಅದನ್ನು ರದ್ದುಮಾಡಲು 2013ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಅಷ್ಟರಲ್ಲಿ, 2011ರಲ್ಲಿ, ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತ್ತು. ಬೇರೆ ಊರಿನ ಗುಳ್ಳ ಮಟ್ಟುವಿನ ಹೆಸರಿನಲ್ಲಿ ಮಾರಾಟವಾಗದಂತೆ ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಕಳಿಸುವ ಕ್ರಮ ರೂಢಿಗೆ ತಂದರು. ಒಂದು ತರಕಾರಿಯ ಸುತ್ತ ಬೌದ್ಧಿಕ ಆಸ್ತಿಯ ಕಾನೂನು, ಜೀವವೈವಿಧ್ಯದ ಕಾನೂನು, ವಂಶವಾಹಿ ತಂತ್ರಜ್ಞಾನ ಮೂರೂ ಇಷ್ಟು ಹತ್ತಿರ ಬಂದ ಇನ್ನೊಂದು ನಿದರ್ಶನ ರಾಜ್ಯದಲ್ಲಿ ಕಾಣುವುದು ಕಷ್ಟ. 2023ರ ತಿದ್ದುಪಡಿಯಲ್ಲಿ ಜೀವವೈವಿಧ್ಯ ಕಾಯ್ದೆಯ ಉಲ್ಲಂಘನೆಗೆ ಇದ್ದ ಜೈಲುಶಿಕ್ಷೆಯನ್ನು ತೆಗೆದು ದಂಡಕ್ಕೆ ಇಳಿಸಿದ್ದಾರೆ. ಸಂಶೋಧನೆಗೆ ಅಡ್ಡಿ ಕಡಿಮೆಯಾಯಿತೆಂದು ಪ್ರಯೋಗಾಲಯದವರು ಸಮಾಧಾನಪಡಬಹುದು. ಬೀಜ ಕಾಪಾಡಿಕೊಂಡು ಬಂದ ರೈತನ ಕೈಯಲ್ಲಿದ್ದ ಗಟ್ಟಿ ಆಯುಧವೊಂದು ಸಡಿಲವಾಯಿತು ಎಂಬುದೂ ಅಷ್ಟೇ ನಿಜ.

ಜಗಳವಿಲ್ಲದೆ ಮೂರೂ ಕೂಡಿದ್ದುಂಟೇ? ಉಂಟು, ಮತ್ತು ಆ ಅಧ್ಯಾಯಕ್ಕೆ ಸಿಗಬೇಕಾದಷ್ಟು ಮಾನ ಸಿಕ್ಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಗೂಲಿಯವರ ಪುಡಿಗಾಸನ್ನೂ ಬ್ಯಾಂಕಿನ ಲೆಕ್ಕಕ್ಕೆ ತಂದಿತ್ತು. ಅದೇ ಅಭ್ಯಾಸ ಮುಂದೆ ಸೌರದೀಪಕ್ಕೆ ನೆರವಾಯಿತು. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಕಟ್ಟಿದಾಗ ಸೌರಫಲಕ ಬಡವರಿಗೆ ಎಟುಕದ ವಸ್ತು. ಒಟ್ಟು ಬೆಲೆ ದೊಡ್ಡದು, ಆದರೆ ತಿಂಗಳ ಸೀಮೆಎಣ್ಣೆಯ ಖರ್ಚಿಗೆ ಹತ್ತಿರವಾಗುವ ಕಂತು ಮಾಡಿದರೆ ಕೊಳ್ಳಬಹುದು. ಬ್ಯಾಂಕಿನ ಮ್ಯಾನೇಜರನಿಗೆ ಮಾತ್ರ ಇದು ಹೊಸತು. ಸಾಲ ತೀರದಿದ್ದರೆ ಮಾಡಿನ ಮೇಲಿನ ಫಲಕವನ್ನು ಜಪ್ತಿ ಮಾಡಿ ಏನು ಮಾಡುವುದು? 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು, ಅವುಗಳ ಗ್ರಾಮೀಣ ಬ್ಯಾಂಕುಗಳ ಮೂಲಕ ಸೌರಸಾಲ ಯೋಜನೆ ತಂದಿತು. ಬಡ್ಡಿಯ ಒಂದಂಶವನ್ನು ಮೊದಲು ಯೋಜನೆಯೇ ಭರಿಸಿ, ಹಂತಹಂತವಾಗಿ ಆ ಸಹಾಯವನ್ನು ಹಿಂತೆಗೆಯಿತು. ಸುಮಾರು 20,000 ಮನೆಗಳಿಗೆ ಬೆಳಕು ಬಂತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಎಲ್ಲರ ಕಣ್ಣು ಸೌರಫಲಕದ ಮೇಲಿತ್ತು. ಕೆಲಸ ಮಾಡಿದ್ದು ಫಲಕದಷ್ಟೇ ಸಾಲದ ಕರಾರುಪತ್ರ ಕೂಡ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. ಮಣಿಪಾಲದ ಪ್ರಧಾನ ಕಚೇರಿಯ ಜೊತೆಗೆ ಊರಿನ ನಾಡಿ ಬಲ್ಲ ಒಂದು ತಿಳಿವಳಿಕೆಯೂ ಚದುರಿತೆಂಬ ನೋವು ಇಲ್ಲಿನ ಹಿರಿಯರಲ್ಲಿದೆ.

ನಿಟ್ಟೆಯ ಕತೆಯೂ ಹೀಗೆಯೇ ಕೇಳಬೇಕಾದದ್ದು. ಕೇಶವಾನಂದ ಭಾರತಿ ಪ್ರಕರಣದ ಬಹುಮತದಲ್ಲಿದ್ದ, ಹಿರಿತನ ಮೀರಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ 1973ರಲ್ಲಿ ರಾಜೀನಾಮೆ ಕೊಟ್ಟ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದರು. ಅದರ ಎಂಜಿನಿಯರಿಂಗ್ ಕಾಲೇಜು 1986ರಲ್ಲಿ ಶುರುವಾಯಿತು. ಇಂದು ಅದೇ ಊರಿನಲ್ಲಿ ಸ್ವಚ್ಛ ಭಾರತ ಯೋಜನೆಯಡಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸುವ ಘಟಕವಿದೆ. ಗ್ರಾಮೀಣ ಭಾಗಕ್ಕೆಂದೇ ಇಂಥ ಘಟಕ ರಾಜ್ಯದಲ್ಲಿ ಮೊದಲು ಬಂದದ್ದು ಇಲ್ಲಿ. ಹತ್ತಾರು ಗ್ರಾಮ ಪಂಚಾಯಿತಿಗಳ ವಾಹನಗಳು ತಂದ ಕಸ ಕನ್ವೇಯರ್ ಮೇಲೆ ಸಾಗಿ, ಹಾಲಿನ ಕವರು, ಬಾಟಲಿ, ರಟ್ಟು, ಬಹುಪದರದ ಚಿಪ್ಸ್ ಪೊಟ್ಟಣ ಎಂದು ಬೇರೆಯಾಗುತ್ತದೆ. ಚಿಪ್ಸ್ ಪೊಟ್ಟಣಕ್ಕೆ ಗುಜರಿಯಲ್ಲಿ ಬೆಲೆಯಿಲ್ಲ. ಅದಕ್ಕೊಂದು ದಾರಿ ತೋರಿಸಿದ್ದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕನ್ನು ವಾಪಸು ಪಡೆಯುವ ಹೊಣೆ ತಯಾರಕನ ಮೇಲೆಯೇ ಇದೆ. ಆದರೆ ಯಾರು ಎಷ್ಟು ಬಿಟ್ಟರು, ಎಷ್ಟು ಮರಳಿತು ಎಂಬ ಲೆಕ್ಕ ತೂಕದ ಯಂತ್ರ, ಆನ್‌ಲೈನ್ ದಾಖಲೆ ಇಲ್ಲದೆ ಆಗದು. ಕಸ ಆಯುವ ಹೆಣ್ಣುಮಕ್ಕಳ ಬೆರಳಿನಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದವರೆಗೆ ಸಾಗುವ ಈ ಸರಪಳಿಯಲ್ಲಿ ಆ ಹೆಣ್ಣುಮಕ್ಕಳ ಕೂಲಿ ಮತ್ತು ಆರೋಗ್ಯ ಇನ್ನೂ ಗಟ್ಟಿಯಾಗಿ ಬರೆಯಬೇಕಾದ ಕಲಮು.

ಪಡುಬಿದ್ರಿಯ ಕಡಲತೀರಕ್ಕೆ 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಬಂತು. ನೀರಿನ ಗುಣಮಟ್ಟದಿಂದ ಸುರಕ್ಷತೆಯವರೆಗೆ 33 ಮಾನದಂಡಗಳು, ಕೊಡುವ ಸಂಸ್ಥೆಯ ಕಚೇರಿ ಡೆನ್ಮಾರ್ಕಿನಲ್ಲಿ. ಇದು ಸರ್ಕಾರದ ಕಾನೂನಲ್ಲ, ಆದರೂ ನೀರಿನ ಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತದೆ. ಇದೇ ಶಿಸ್ತು ಎಲ್ಲೂರಿನ ಬಾವಿಗೂ ಸಿಕ್ಕಿದ್ದರೆ ಎಷ್ಟೋ ವರ್ಷದ ಅಲೆದಾಟ ಉಳಿಯುತ್ತಿತ್ತು.

ಮರಳಿನ ವಿಷಯದಲ್ಲಿ ಯಂತ್ರವನ್ನು ಕಾನೂನಿನ ಕಾವಲಿಗೆ ನಿಲ್ಲಿಸುವ ಪ್ರಯತ್ನ ನಡೆದಿದೆ. ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳ ಕಡಲು ಮುಟ್ಟುವ ಭಾಗ ಸಿಆರ್‌ಝಡ್ ವ್ಯಾಪ್ತಿಯದು. ಅಲ್ಲಿ ಮರಳು ತೆಗೆಯುವುದೇ ನಿಷಿದ್ಧ. ದೋಣಿ ಸಾಗಲು ಅಡ್ಡವಾದ ದಿಬ್ಬಗಳನ್ನು ಸಾಂಪ್ರದಾಯಿಕರು ಕೈಯಿಂದ ತೆರವು ಮಾಡಲು 2011ರ ನಂತರ ಅವಕಾಶವಾಯಿತು. ದಿಬ್ಬ ಎಲ್ಲಿದೆ, ಎಷ್ಟಿದೆ ಎಂದು ಹೇಳಲು ಹೊಳೆಯ ತಳವನ್ನು ಅಳೆಯಬೇಕು. ಸುರತ್ಕಲ್‌ನ ಎನ್‌ಐಟಿಕೆ ತಂತ್ರಜ್ಞಾನ ಸಂಸ್ಥೆ ಆ ಸಮೀಕ್ಷೆ ಮಾಡಿಕೊಟ್ಟಿತು. ಲಾರಿಗಳಿಗೆ ಜಿಪಿಎಸ್ ಬಂತು, ಜನರು ನೇರವಾಗಿ ಮರಳು ಕಾದಿರಿಸಲು ‘ಉಡುಪಿ ಇ-ಸ್ಯಾಂಡ್’ ಆ್ಯಪ್ ಬಂತು. 2017ರಲ್ಲಿ ಅಕ್ರಮ ಮರಳುಗಾರಿಕೆ ತಡೆಯಲು ಕಂಡ್ಲೂರಿಗೆ ಹೋದ ಜಿಲ್ಲಾಧಿಕಾರಿಯ ತಂಡದ ಮೇಲೆ ಹಲ್ಲೆ ನಡೆದದ್ದನ್ನು ಜಿಲ್ಲೆ ಮರೆತಿಲ್ಲ. ಮನೆ ಕಟ್ಟುವವನಿಗೆ ಮರಳು ಬೇಕು, ಹೊಳೆಗೂ ಬೇಕು. 2019ರ ಮೇಯಲ್ಲಿ ಬಜೆ ಅಣೆಕಟ್ಟಿನ ಸ್ವರ್ಣೆ ಬತ್ತಿ, ಉಡುಪಿ–ಮಣಿಪಾಲದ ನಲ್ಲಿಗಳು ಒಣಗಿದಾಗ ಹೊಳೆಯ ಪಾಲು ಎಲ್ಲರಿಗೂ ಅರಿವಾಯಿತು. ಪರ್ಕಳದ ಮಗ್ಗುಲಲ್ಲೇ ಹರಿಯುವ ಹೊಳೆ ಅದು.

ಆಕಾಶದಿಂದ ಅಳೆದ ಅಳತೆಯೂ ಇಲ್ಲಿ ಜಗಳಕ್ಕೆ ಬಂದಿದೆ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಪಶ್ಚಿಮ ಘಟ್ಟದ ಬಗ್ಗೆ ಕೊಟ್ಟ ವರದಿ ಗ್ರಾಮಸಭೆಗಳ ಮಾತಿಗೆ ಒತ್ತು ಕೊಟ್ಟಿತ್ತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರಗಳನ್ನು ನೆಚ್ಚಿ ಸಹಜ ಕಾಡನ್ನೂ ಜನ ಬೆಳೆಸಿದ ಹಸಿರನ್ನೂ ಬೇರ್ಪಡಿಸಿ ಹಳ್ಳಿಗಳ ಪಟ್ಟಿ ಮಾಡಿತು. ನಮ್ಮ ಅಡಕೆ, ರಬ್ಬರ್ ತೋಟವನ್ನೇ ಕಾಡೆಂದು ಬಗೆದಿದ್ದಾರೆ ಎಂಬುದು ಘಟ್ಟದ ಬುಡದ ರೈತರ ದೂರು. 2014ರಿಂದ ಕರಡು ಅಧಿಸೂಚನೆ ಮತ್ತೆ ಮತ್ತೆ ಹೊರಟು, 2024ರ ಜುಲೈ 31ರಂದು ಆರನೆಯದು ಬಂತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಚಿತ್ರದಲ್ಲಿ ಕಂಡ ಹಸಿರನ್ನು ಊರಿನವರ ಜೊತೆ ನಡೆದಾಡಿ ತಾಳೆ ನೋಡುವ ಕೆಲಸ ಊರೂರಿನಲ್ಲಿ ನಡೆದಿದ್ದರೆ ಹತ್ತು ವರ್ಷದಲ್ಲಿ ನಕ್ಷೆ ಇನ್ನಷ್ಟು ನಿಖರವಾಗುತ್ತಿತ್ತು, ರೈತನ ಭಯವೂ ಇಳಿಯುತ್ತಿತ್ತು.

ಉದ್ದಿಮೆಯ ಕಡೆಯಿಂದಲೂ ಒತ್ತಡ ಬದಲಾಗಿದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಸಾಮಾಜಿಕ ಹೊಣೆಯ ಖರ್ಚನ್ನು ಕಡ್ಡಾಯ ಮಾಡಿತು. 2022–23ರಿಂದ ಷೇರುಪೇಟೆಯಲ್ಲಿ ನೋಂದಾಯಿತವಾದ ದೇಶದ ಮೊದಲ ಸಾವಿರ ಕಂಪನಿಗಳು ನೀರು, ವಿದ್ಯುತ್ತು, ಕಸ, ಇಂಗಾಲದ ಲೆಕ್ಕವನ್ನು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಒಪ್ಪಿಸಬೇಕು. 2023ರಲ್ಲಿ ಇಂಗಾಲದ ಕ್ರೆಡಿಟ್ ವ್ಯಾಪಾರದ ಯೋಜನೆಯೂ ಬಂತು. ಈ ವರದಿ ಬರೆಯಲು ಮೀಟರ್ ಓದಬಲ್ಲ, ಕಲಮು ಓದಬಲ್ಲ, ಹೊಳೆಯನ್ನೂ ಓದಬಲ್ಲ ಯುವಕ ಯುವತಿಯರು ಬೇಕು. ಅಂಥವರನ್ನು ತಯಾರು ಮಾಡಲು ಬೇಕಾದ ಕಾಲೇಜುಗಳೆಲ್ಲ ಇಲ್ಲಿ ಒಂದು ಬಸ್ಸಿನ ದೂರದಲ್ಲಿವೆ.

ಮುಂದಿನ ಪರೀಕ್ಷೆ ಪಾದೂರಿನಲ್ಲಿ ಕಾದಿದೆ. ಅಲ್ಲಿ ಈಗಾಗಲೇ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವಷ್ಟು ಜಾಗವಿದೆ. ಗುಹೆಗೆ ಉಕ್ಕಿನ ಒಳಪದರವಿಲ್ಲ. ಸುತ್ತಲ ಬಂಡೆಯ ಬಿರುಕುಗಳಲ್ಲಿ ತುಂಬಿರುವ ನೀರಿನ ಒತ್ತಡವೇ ತೈಲವನ್ನು ಒಳಗೆ ಹಿಡಿದಿಡುತ್ತದೆ. ಆ ಒತ್ತಡ ತಗ್ಗದಂತೆ ಮೇಲಿನಿಂದ ಕೊಳವೆಗಳಲ್ಲಿ ನೀರು ಹರಿಸಿ ‘ನೀರಿನ ಪರದೆ’ ಕಟ್ಟಿರುತ್ತಾರೆ. ಅಂದರೆ ದೇಶದ ತೈಲದ ಭದ್ರತೆಯೂ ಪಾದೂರಿನ ಮನೆಗಳ ಬಾವಿಯೂ ಅಂತರ್ಜಲವನ್ನೇ ನೆಚ್ಚಿವೆ. ಮೊದಲ ಹಂತದಲ್ಲಿ ಬಂಡೆ ಸಿಡಿಸಿದಾಗ ಮನೆಯ ಗೋಡೆ ಬಿರಿಯಿತೆಂಬ ದೂರುಗಳು ಬಂದಿದ್ದವು. 2021ರ ಜುಲೈಯಲ್ಲಿ ಕೇಂದ್ರ ಸಂಪುಟ ಇನ್ನೂ 25 ಲಕ್ಷ ಟನ್‌ನ ಎರಡನೇ ಹಂತಕ್ಕೆ, ಈ ಬಾರಿ ಖಾಸಗಿ ಪಾಲುದಾರಿಕೆಯಲ್ಲಿ, ಒಪ್ಪಿಗೆ ಕೊಟ್ಟಿದೆ. ಎರಡನೇ ಹಂತದ ಬಂಡೆ ಸಿಡಿಸುವ ಮುಂಚೆ ಸುತ್ತಲ ಪ್ರತಿ ಬಾವಿಯ ಆಳ, ನೀರಿನ ಮಟ್ಟ, ಉಪ್ಪಿನಂಶ, ಪ್ರತಿ ಗೋಡೆಯ ಬಿರುಕು ಇವನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬರೆದಿಟ್ಟು, ಮನೆಯವರ ಸಹಿ ಹಾಕಿಸಿ, ಪಂಚಾಯಿತಿಯಲ್ಲಿ ಒಂದು ಪ್ರತಿ ಇಡಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಳೆಯಬಲ್ಲರು, ಕಾನೂನು ವಿದ್ಯಾರ್ಥಿಗಳು ಅದನ್ನು ಸಾಕ್ಷ್ಯವಾಗಿ ನಿಲ್ಲುವಂತೆ ಬರೆಯಬಲ್ಲರು. ಎಲ್ಲೂರಿನವರ ಕೈಯಲ್ಲಿ ಅಂಥದೊಂದು ಪುಸ್ತಕ ಇರಲಿಲ್ಲ. ಪಾದೂರಿನವರಿಗೆ ಅದನ್ನು ಮಾಡಿಟ್ಟುಕೊಳ್ಳಲು ಇನ್ನೂ ಕಾಲವಿದೆ.